ಮುದ್ರೆಯಿಲ್ಲದ ಕಾಗದ

ಲಿಕ್ ಬ್ರಾಂಚ್, ಕೆಂಟಕಿ
ಅಕ್ಟೋಬರ್ 14, 2012

ಹಾರ್ಲನ್‌ಗೆ,

‘ಪ್ರಿಯ’ ಎಂದು ಬರೆದಿದ್ದೆ. ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡೆ.

ನೀನು ಕಳಿಸಿದ ವಿಚ್ಛೇದನದ ಕಾಗದಗಳು ಇದರ ಜೊತೆಗಿವೆ. ಮೂರು ಕಡೆ ಸಹಿ ಹಾಕಬೇಕಿತ್ತು. ಮೂರೂ ಕಡೆ ನನ್ನ ಹೆಸರನ್ನೇ ಬರೆದಿದ್ದೇನೆ, ಹೆದರಬೇಡ.

ಹದಿನಾಲ್ಕು ವರ್ಷ ನಿನ್ನ ಹೆಂಡತಿಯಾಗಿದ್ದೆ. ವಿಮೆಯವರು ಕೈಬಿಟ್ಟ ಜಜ್ಜಿದ ಕಾರುಗಳನ್ನು ನೀನು ಹರಾಜಿನಲ್ಲಿ ತರುತ್ತಿದ್ದೆ. ಅವುಗಳ ಮಾಲೀಕತ್ವದ ಕಾಗದದ ಮೇಲೆ ‘ಗುಜರಿ’ ಎಂಬ ಮುದ್ರೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕುಳಿತು ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಿ, ಹೊಸ ಏರ್‌ಬ್ಯಾಗ್ ಹಾಕಿ, ಸರ್ಕಾರದ ತಪಾಸಣೆ ಮುಗಿಸಿದರೆ ಕಾಗದದಲ್ಲಿ ‘ರೀಬಿಲ್ಟ್’, ಅಂದರೆ ಗುಜರಿಯಿಂದ ಮತ್ತೆ ಕಟ್ಟಿದ್ದು, ಎಂಬ ಇನ್ನೊಂದು ಮುದ್ರೆ ಬೀಳುತ್ತಿತ್ತು. ಕಾರು ಗುಣವಾದರೂ ಕಾಗದ ಗುಣವಾಗುತ್ತಿರಲಿಲ್ಲ. ಹನ್ನೊಂದು ಸಾವಿರ ಡಾಲರ್ ಬಾಳುವ ಗಾಡಿಗೆ ಆರೂವರೆ ಕೇಳಿದರೂ ಜನ ಮೂಗು ಮುರಿಯುತ್ತಿದ್ದರು. ಶಾಲೆಯ ಬಸ್ ಓಡಿಸುವ ಆ ದಢೂತಿ ಆಸಾಮಿ ಬಂದಿದ್ದ ದಿನ ನೆನಪಿದೆಯೇ? “ಗಾಡಿ ಏನೋ ಚಿನ್ನದಂಗಿದೆ ಹಾರ್ಲನ್, ಆದ್ರೆ ನಾಳೆ ನಾನ್ ಮಾರಕ್ಕೋದ್ರೆ ಯಾರಪ್ಪ ತಗೋತಾರೆ?” ಎಂದ. ನೀನು, “ಸರಿಯಾಗ್ ಕೇಳ್ದೆ. ಅದಕ್ಕೇ ಬೆಲೆ ಕಮ್ಮಿ ಹೇಳಿದ್ದು,” ಎಂದು ನಗುತ್ತ, ಕಾರು ನುಜ್ಜುಗುಜ್ಜಾಗಿದ್ದಾಗ ತೆಗೆದ ಫೋಟೋ ತಂದು ಅವನ ಕೈಗಿಟ್ಟೆ. ಅವನು ಹೊರಟುಹೋದ. ಆ ದಿನ ನಿನ್ನ ಪ್ರಾಮಾಣಿಕತೆಯ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಬೀನ್ಸ್ ಬೇಯಿಸಿದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ್ದೆ. ವಾರದಲ್ಲಿ ನಾಲ್ಕನೆಯ ಸಲ ಬೀನ್ಸ್.

ಆಮೇಲೆ ನಿನ್ನ ಬೆನ್ನಿನ ಆಪರೇಷನ್. ನೀನು ಐದು ವಾರ ಮಲಗಿದ್ದಾಗ ನೀನು ಆಗಷ್ಟೇ ಸರಿಮಾಡಿ ಮುಗಿಸಿದ್ದ ನೀಲಿ ಕಾರನ್ನು ಮಾರುವ ಕೆಲಸ ನನಗೆ ಬಿತ್ತು. ನಾನು ರಾಜ್ಯದ ಗಡಿಯಾಚೆ ನನ್ನ ಅಕ್ಕನ ಮನೆಗೆ ಹೋದೆ, ಅವಳ ವಿಳಾಸ ಕೊಟ್ಟು ಅಲ್ಲಿ ಹೊಸ ಕಾಗದ ಮಾಡಿಸಿದೆ. ಗುಮಾಸ್ತೆ ತಲೆಯನ್ನೂ ಎತ್ತಲಿಲ್ಲ. ನಮ್ಮ ರಾಜ್ಯದ ಮುದ್ರೆ ಗಡಿ ದಾಟಲಿಲ್ಲ; ಹೊಸ ಕಾಗದದಲ್ಲಿ ಯಾವ ಮುದ್ರೆಯೂ ಇರಲಿಲ್ಲ. ಸಹಿ ನಿನ್ನದು, ಬರೆದ ಕೈ ನನ್ನದು.

ಕೊಂಡವಳು ಮಾರ್ಲೀನ್. ಅವಳ ಗಂಡ, ನಿನ್ನ ತಮ್ಮ ಡೆಲ್ಬರ್ಟ್ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ಅವಳಿಗೆ ನೆಲ ಒರೆಸುವ ಕೆಲಸ ಸಿಕ್ಕಿತ್ತು, ಕಾರಿಲ್ಲದೆ ಹೋಗುವಂತಿರಲಿಲ್ಲ. “ಓಪಲ್, ಇದೂ ಜಜ್ಜಿಹೋಗಿದ್ದ ಗಾಡೀನಾ?” ಎಂದು ನನ್ನನ್ನು ಕೇಳಿದಳು. “ಇಲ್ವೇ ಮಾರಾಯ್ತಿ, ಕಾಗದ ನೋಡು,” ಎಂದೆ. ಅವಳು ನೋಡಿದಳು. ಬ್ಯಾಂಕಿನವರೂ ನೋಡಿ ಹನ್ನೊಂದು ಸಾವಿರ ಸಾಲ ಕೊಟ್ಟರು. ನಿನಗೆ ಆರೂವರೆಗೇ ಮಾರಿದೆನೆಂದು ಹೇಳಿದೆ. ಉಳಿದದ್ದು ನಿನ್ನ ಆಸ್ಪತ್ರೆಗೆ ಹೋಯಿತು.

ಎಲ್ಲವೂ ಹೋಗಲಿಲ್ಲ. ನನ್ನ ಮುಂದಿನ ಮೂರು ಹಲ್ಲು ಕಟ್ಟಿಸಿದ್ದು ಅಕ್ಕ ಕೊಟ್ಟ ಹಣದಲ್ಲಿ ಎಂದಿದ್ದೆನಲ್ಲ, ಅದು ಸುಳ್ಳು. ಏಳು ವರ್ಷ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವಳಿಗೆ ಅದು ದೊಡ್ಡ ಪಾಪವೆಂದು ಆಗ ಅನ್ನಿಸಲಿಲ್ಲ.

ನಿನ್ನ ಕೆಲಸದಲ್ಲಿ ಕುಂದಿರಲಿಲ್ಲ. ಕಳೆದ ನವೆಂಬರಿನಲ್ಲಿ ಅವಳ ಕಾರಿಗೆ ಜಿಂಕೆ ಅಡ್ಡ ಬಂದು, ಕಾರು ಹಳ್ಳಕ್ಕೆ ಉರುಳಿದಾಗ ನೀನು ಹಾಕಿದ್ದ ಏರ್‌ಬ್ಯಾಗ್ ಬಿಚ್ಚಿಕೊಂಡಿತು. ಮಾರ್ಲೀನ್ ಮೊಣಕೈ ತರಚಿಕೊಂಡು ಎದ್ದು ಬಂದಳು. ಆದರೆ ವಿಮೆಯವನು ಬಂದು ಕಾರಿನ ನಂಬರ್ ಹಿಡಿದು ಹಳೆಯದನ್ನೆಲ್ಲ ಕೆದಕಿದ. ಇದು ಮೊದಲೇ ಗುಜರಿಯಾಗಿದ್ದ ಗಾಡಿ, ಇದರ ಬೆಲೆ ಅರ್ಧ ಎಂದು ಅರ್ಧವನ್ನೇ ಕೊಟ್ಟ. ಬ್ಯಾಂಕಿನ ಸಾಲದಲ್ಲಿ ಉಳಿದದ್ದು ಅವಳ ತಲೆಯ ಮೇಲೆ. ಇನ್ನೊಂದು ಕಾರಿಗೆ ಯಾರೂ ಸಾಲ ಕೊಡಲಿಲ್ಲ. ಕೆಲಸ ಹೋಯಿತು.

ಅವಳು ನಮ್ಮ ಅಂಗಳಕ್ಕೆ ಬಂದು ಆಡಿದ ಮಾತು ಈಗಲೂ ಕಿವಿಯಲ್ಲಿದೆ. “ಇಲ್ಲದ್ ಗಾಡಿಗೆ ಕಂತು ಕಟ್ತಿದೀನಿ ಭಾವ! ಡೆಲ್ಬರ್ಟ್ ಬದುಕಿದ್ದಿದ್ರೆ ನಿನ್ ಕಾಲ್ ಮುರೀತಿದ್ದ. ವಿಧವೆ ಅಂತ ಆದ್ರೂ ಕನಿಕರ ಬೇಡ್ವಾ ನಿಂಗೆ?” ಎಂದು ಕಾಗದದ ನಕಲನ್ನು ನಿನ್ನ ಎದೆಗೆ ಎಸೆದಳು. ನೀನು ಬಗ್ಗಿ ಎತ್ತಿಕೊಂಡೆ. ಕನ್ನಡಕ ಹಾಕಿಕೊಂಡು ಸಹಿಯನ್ನು ಬಹಳ ಹೊತ್ತು ನೋಡಿದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಕಡೆ ಒಂದೇ ಸಲ ನೋಡಿ, “ಹೌದು ಮಾರ್ಲೀನ್, ನಾನೇ ಮಾಡಿದ್ದು. ತಪ್ಪಾಯ್ತು,” ಎಂದೆ.

ನಾನು ಬಾಯಿ ಬಿಡಲಿಲ್ಲ. ಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ ಎಂದು ಬರೆಯೋಣವೆನ್ನಿಸುತ್ತದೆ. ಇಡಲಿಲ್ಲ.

ನೀನು ಶೆಡ್ಡಿನ ಸಾಮಾನೆಲ್ಲ ಮಾರಿ ಅವಳ ಸಾಲ ತೀರಿಸಿದೆ. ಕಾರು ಮಾರುವ ಲೈಸೆನ್ಸ್ ಹಿಂದಿರುಗಿಸಿದೆ. ಚರ್ಚಿನಲ್ಲಿ ನಿನ್ನ ಪಕ್ಕ ಯಾರೂ ಕೂರಲಿಲ್ಲ. ಅದೇ ಜನ ನನ್ನ ಕೈ ಹಿಡಿದು, “ಪಾಪ, ನಿಂಗೇನ್ ಗೊತ್ತಿತ್ತು ಬಿಡು,” ಎಂದರು. ನನಗೆ ಕಾರ್ನ್‌ಬ್ರೆಡ್ ಮಾಡಿ ತಂದುಕೊಟ್ಟರು. ನಾನು ತಿಂದೆ. ಮನೆಯಲ್ಲಿ ನೀನು ಬೈಯಲಿಲ್ಲ, ಕೇಳಲಿಲ್ಲ. ಮೂರು ತಿಂಗಳು ನಿನ್ನ ತಟ್ಟೆಯನ್ನು ನೀನೇ ತೊಳೆದಿಟ್ಟು, ಒಂದು ದಿನ ಓಹಾಯೋಗೆ ಹೊರಟೆ. ಅಲ್ಲಿ ಯಾವುದೋ ಟೈರ್ ಅಂಗಡಿಯಲ್ಲಿ ಕೂಲಿಗಿದ್ದೀಯೆಂದು ಕೇಳಿದೆ. ಈ ಜಿಲ್ಲೆಯಲ್ಲೇ ಅಂಥ ಕೈ ಇನ್ನೊಂದಿರಲಿಲ್ಲ.

ನನ್ನನ್ನು ಉಳಿಸಿದೆಯೆಂದು ಕೃತಜ್ಞತೆ ಹೇಳಬೇಕೇನೋ. ಬರುತ್ತಿಲ್ಲ ಹಾರ್ಲನ್. ನೀನು ಅಂಗಳದಲ್ಲೇ ನನ್ನ ಜುಟ್ಟು ಹಿಡಿದು “ಇವಳು ಮಾಡಿದ್ದು” ಎಂದಿದ್ದರೆ ಅತ್ತು, ಕಾಲು ಹಿಡಿದು, ಜಗಳವಾಡಿ ಹೇಗೋ ಬದುಕುತ್ತಿದ್ದೆವು. ನಿನ್ನ ಒಳ್ಳೆಯತನದ ಜೊತೆ ಜಗಳವಾಡಲು ನನಗೆ ಜಾಗವೇ ಇರಲಿಲ್ಲ.

ನನಗೆ ತಿಳಿದದ್ದನ್ನೆಲ್ಲ ಬರೆದಿದ್ದೇನೆ. ಬೆನ್ನು ನೋಡಿಕೋ.

ಇನ್ನು ಸ್ವಲ್ಪ ದಿನ ಮಾತ್ರ ನಿನ್ನ ಹೆಂಡತಿ,
ಓಪಲ್

ತಾ.ಕ.: ಮುಂದಿನ ತಿಂಗಳಿಂದ ಕೌಂಟಿ ಕಚೇರಿಯಲ್ಲಿ, ವಾಹನಗಳ ಕಾಗದ ಕೊಡುವ ಕಿಟಕಿಯಲ್ಲಿ ನನಗೆ ಕೆಲಸ. ನನ್ನ ಪರವಾಗಿ ಮಾತಾಡಿದವಳು ಮಾರ್ಲೀನ್. “ಗಂಡ ಎಂಥವನಾದ್ರೂ ಓಪಲ್ ಅಪ್ಪಟ ಚಿನ್ನ,” ಎಂದಳಂತೆ. ಹಾಗಾಗಿ ಓದಿದ ಮೇಲೆ ಇದನ್ನು ಸುಟ್ಟುಬಿಡು. ನೀನು ಯಾರಿಗೂ ತೋರಿಸುವವನಲ್ಲವೆಂದು ಗೊತ್ತಿದ್ದರಿಂದಲೇ ಇಷ್ಟು ಬರೆದೆ.