ಗಂಟೆ ಬಿಚ್ಚಿಟ್ಟವಳು ನಾನೇ

ವಯೋಮಿಂಗ್, ಶನಿವಾರ

ಅಜ್ಜೀ,

ರಾಯ್ಸ್ ಮಾವನಿಗೆ ಕಾಡುಟಗರು ಸಿಕ್ಕಿತು! ಅರ್ಧ ಆಯಸ್ಸು ಕಾದು ಪಡೆದ ಬೇಟೆಯ ಪರವಾನಗಿ, ನಿನ್ನೆಯೇ ಕೊನೇ ದಿನ. ಅದು ನನ್ನಿಂದಲೇ ಹಾಳಾಗುವುದರಲ್ಲಿತ್ತು. ಸದ್ದಿಗೆ ಟಗರುಗಳು ಬೆದರಬಾರದು ಅಂತ ಹಿಂದಿನ ರಾತ್ರಿ ಬಿಡಾರದಲ್ಲಿ ನಮ್ಮ ಕುದುರೆಯ ಕೊರಳ ಗಂಟೆಯನ್ನು ನಾನೇ ಬಿಚ್ಚಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಮ್ಮ ಸಾಮಾನು ಹೊರುವ ಒಂದು ಹೇಸರಗತ್ತೆಯೂ ಇಲ್ಲ! ಆ ಗಂಟೆ ಕೇಳದಿದ್ದರೆ ಅವು ಕುದುರೆಯ ಹತ್ತಿರ ನಿಲ್ಲುವುದೇ ಇಲ್ಲವಂತೆ.

ಮಾವನ ಗೆಳೆಯ ಡೆಲ್, "ಏನಮ್ಮಾ ಹಾಸ್ಟೆಲ್ ರಾಣಿ, ಟಗರು ಸಿಕ್ಕಿದ್ರೆ ನೀನೇ ಹೊತ್ಕೊಂಡು ಇಳೀತೀಯಾ?" ಅಂದ.

ಗಂಟೆ ಕೈಲಿ ಹಿಡಿದು ಹುಡುಕುತ್ತಾ ಗುಡ್ಡ ಹತ್ತಿದರೆ, ಹೇಸರಗತ್ತೆಗಳು ಉಪ್ಪುಮಣ್ಣಿನ ಇಳಿಜಾರಲ್ಲಿ ಟಗರುಗಳ ಮಧ್ಯೆಯೇ ನಿಂತು ನೆಲ ನೆಕ್ಕುತ್ತಿವೆ! ಮಾವ ಬಂದೂಕು ಹಿಡಿದು, "ನಮ್ಮ ಕತ್ತೆಗಳೇ ಅಡ್ಡ ನಿಂತಿವೆಯಲ್ಲೇ! ಗಂಟೆ ಅಲ್ಲಾಡಿಸು" ಅಂತ ಪಿಸುಗುಟ್ಟಿದರು. ಅಲ್ಲಾಡಿಸಿದೆ. ಹೇಸರಗತ್ತೆಗಳು ನನ್ನ ಕಡೆ ಓಡಿಬಂದವು, ಟಗರುಗಳು ಬೆಪ್ಪಾಗಿ ನೋಡುತ್ತಾ ನಿಂತವು. ಒಂದೇ ಗುಂಡು.

ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಅಮ್ಮನಿಗೆ ಹೇಳಬೇಡ. ಸೋಮವಾರ ಕೆಮಿಸ್ಟ್ರಿ ಟೆಸ್ಟ್, ಏನೂ ಓದಿಲ್ಲ. ಮಾವ ಗಂಟೆಯನ್ನು ನನ್ನ ಕೊರಳಿಗೇ ಕಟ್ಟಿಬಿಟ್ಟಿದ್ದಾರೆ. ಅಂಚೆ ಕಚೇರಿಯ ಬಾಗಿಲಿಗೆ ಹೇಸರಗತ್ತೆಗಳು ಮೂತಿ ತೂರಿಸುತ್ತಿವೆ, ಓಡಬೇಕು.

ನಿನ್ನ ವಿನಿ