ಫಾರ್ಮಿನ ನಾಲ್ಕನೇ ಪ್ರಶ್ನೆ

ಅಕ್ಕಾ,

ಇವತ್ತು ಚೆಂಬೂರಿನ ಸ್ಕ್ಯಾನ್ ಸೆಂಟರಿಗೆ ಹೋಗಿದ್ದೆ. ನನಗೆ ತಿಂಗಳಿಂದ ಹೊಟ್ಟೆನೋವು; ಡಾಕ್ಟರು ಸಿ.ಟಿ. ಮಾಡಿಸಲು ಹೇಳಿದ್ದರು. ಕೌಂಟರಿನಲ್ಲಿ ಕೊಟ್ಟ ಫಾರ್ಮಿನ ನಾಲ್ಕನೇ ಪ್ರಶ್ನೆ, ಥೈರಾಯ್ಡ್ ತೊಂದರೆ ಇದೆಯೇ? ಪೆನ್ನು ಅಲ್ಲೇ ನಿಂತಿತು.

ಹೋದ ವರ್ಷ ನಿನ್ನ ಸ್ಕ್ಯಾನಿನ ಫಾರ್ಮನ್ನೂ ನಾನೇ ತುಂಬಿದ್ದೆ. ನೀನು ಕುತ್ತಿಗೆಯ ಗಂಟಿಗೆ ಸೆರಗು ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದೆ.

"ಏನ್ ಕೇಳ್ಯಾರೋ ಶಶಿ?"

"ಏನಿಲ್ಲ ಬಿಡಕ್ಕಾ."

ಆಫೀಸಿಗೆ ಹೊತ್ತಾಗಿತ್ತು. ಎಲ್ಲದಕ್ಕೂ 'ನೋ' ಎಂದು ಗೀಚಿದೆ.

ತಿಂಗಳೊಳಗೆ ನಿನ್ನ ಕೈ ನಡುಗತೊಡಗಿತು. "ಎದಿ ಭಾಳ ಹೊಡಕೊಳ್ಳಾಕತ್ತೈತಿ" ಎಂದು ನೀನು ಹೇಳಿದಾಗ, "ಟೆನ್ಷನ್ ಮಾಡ್ಕೋಬ್ಯಾಡ" ಎಂದೆ ನಾನು. ಸ್ಕ್ಯಾನಿಗೆಂದು ಚುಚ್ಚಿದ ಔಷಧದಲ್ಲಿ ಅಯೋಡಿನ್ ಇರುತ್ತದೆ, ಅದರಿಂದ ಥೈರಾಯ್ಡ್ ಗಂಟು ಕೆರಳಿದೆ, ಹೃದಯ ತಾಳುತ್ತಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ತಿಳಿಸಿದ ಮೂರನೇ ದಿನ ನೀನು ಹೋದೆ.

ಇವತ್ತು ಅಲ್ಲೇ ಕುರ್ಚಿಯಲ್ಲಿ ಕೂತು ನನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಉಗುಳು ನುಂಗಿದಾಗ ಬೆರಳ ಕೆಳಗೆ ಏನೋ ಜಾರಿತು. ಅದು ಎಲ್ಲರಿಗೂ ಇರುವುದೋ, ಗಂಟೋ ತಿಳಿಯಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. 'ಗೊತ್ತಿಲ್ಲ, ಮನೆಯಲ್ಲಿ ಒಬ್ಬರಿಗೆ ಇತ್ತು' ಎಂದು ಬರೆದುಕೊಟ್ಟೆ.

ಅಲ್ಲಿನ ನರ್ಸ್ ವಿಜಯಪುರದ ಕಡೆಯವಳು. ಫಾರ್ಮನ್ನು ಓದಿದವಳೇ, "ಇವತ್ತು ಇಂಜೆಕ್ಷನ್ ಬ್ಯಾಡ್ರೀ, ಮೊದಲ ರಕ್ತಾ ನೋಡೂಣು" ಎಂದು ನನ್ನ ತೋಳಿಗೆ ಪಟ್ಟಿ ಕಟ್ಟಿದಳು.

"ಮನ್ಯಾಗ ಯಾರಿಗಿತ್ರೀ?"

"ನಮ್ಮಕ್ಕಗ."

"ಬರದು ಚೊಲೋ ಮಾಡಿದ್ರಿ. ಅವರು ಈಗ ಹ್ಯಾಂಗದಾರ?"

"ಆರಾಮದಾಳ್ರೀ" ಎಂದೆ.