ಗೈರ್ ತೆಗೆಸಿದ ಸೈಕಲ್ಲು

ದೈ ತಿಂಗಳು ೮, ಫಸಲಿ ೧೩೫೩ (ಇಸವಿ ೧೯೪೩). ಮಸ್ಕಿ

ಪಾಠ ಮುಗಿಸಿ ಶಾಲೆಯಿಂದ ಬಂದೆ. ಗುಡ್ಡದ ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದ್ದೇ ತಡ, ಹಿಂದಿನ ಗಾಲಿ ಟಿಕ್ ಟಿಕ್ ಅಂದಿತು. ಕಟ್ಟೆಯ ಮೇಲೆ ಕೂತಿದ್ದ ಅವ್ವನ ಮುಖ ಅರಳಿತು. "ಅಂಬ್ಯಾ, ಬಂದ್ಯಾ ನನ್ನಪ್ಪಾ?"

ಅಣ್ಣ ಅಂಬಪ್ಪ ಸೊಲ್ಲಾಪುರದ ಗಿರಣಿ ಸೇರಿ ಎಷ್ಟೋ ವರ್ಷ. ಒಂದು ಕಾಗದವಿಲ್ಲ. ಬಿಟ್ಟುಹೋದದ್ದು ಈ ಸೈಕಲ್ ಒಂದೇ — ಗಣಿಯ ಇಂಗ್ಲಿಷ್ ಸಾಹೇಬನಿಂದ ಕೊಂಡದ್ದು, ಮೂರು ಗೇರಿನದು. ಊರಲ್ಲಿ ಇಂಥದ್ದು ಇನ್ನೊಂದಿಲ್ಲ. ಅವ್ವನ ಕಣ್ಣಿಗೆ ಪೊರೆ ಬಂದ ಮೇಲೆ ಆ ಟಿಕ್ ಟಿಕ್ಕೇ ಅವಳಿಗೆ ದೊಡ್ಡ ಮಗ. ಅಣ್ಣನದೂ ನನ್ನದೂ ದನಿ ಒಂದೇ ಥರ.

"ನಾ ಬೇ ಯವ್ವಾ, ಬಸ್ಸಪ್ಪ."

"ಹೌದಾ..." ಮುಖ ಬಾಡಿತು. ಬೆಳಗಾಗುವಷ್ಟರಲ್ಲಿ ಇದನ್ನೂ ಮರೆತಿರುತ್ತಾಳೆ; ಕಣ್ಣಿನ ಹಾಗೆ ನೆನಪೂ ಮಸುಕು.

ನೀರು ಕಾಸುವವನು ನಾನು. ರೊಟ್ಟಿ ಬಡಿಯುವವನು ನಾನು. ಥೂ, ಏನು ಜನ್ಮ!

ದೈ ೧೪

ಪಕ್ಕದ ಮನೆಯ ಪಕೀರಮ್ಮನ ಹತ್ತಿರ ಅವ್ವ ಹೇಳುತ್ತಿದ್ದಳು: "ಅಂಬಪ್ಪ ದಿನಾ ಸಂಜಿಗೆ ಬರ್ತಾನವಾ. ಸಣ್ಣಾವ ಅದಾನ, ಇದ್ದೂ ಇಲ್ಲದಂಗ." ಒಳಗೆ ಹಿಟ್ಟು ನಾದುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ, ಬಿಡು.

ಮಧ್ಯಾಹ್ನ ಶಾಲೆಯಲ್ಲಿ ಹುಡುಗರ ಹಾಜರಿ ಕೂಗುವಾಗಲೂ ಅದೇ ತಲೆಯಲ್ಲಿ. ನಮ್ಮ ಮನೆಯಲ್ಲಿ ಗೈರ್‌ಹಾಜರ್ ಆದವನೇ ಹಾಜರ್.

ದೈ ೧೯. ಲಿಂಗಸುಗೂರು

ಸೈಕಲ್ ಅಂಗಡಿ. ಜಿಲಾನಿಸಾಬ್ ಗೇರಿಗೆ 'ಗೈರ್' ಅನ್ನುತ್ತಾನೆ. ಗಾಲಿ ತಿರುಗಿಸಿ ನೋಡಿದ. "ಗೈರ್ ಚಲೋ ಅದಾವ್ರಿ ಮಾಸ್ತರ. ಎಣ್ಣಿ ಬಿಟ್ರ ಸಾಕು. ಜರ್ಮನ್ ಲಡಾಯಿ ಮುಗಿಯೂತನಾ ಇಂಥಾ ಮಾಲು ಬರಂಗಿಲ್ಲ."

"ತಗೀರಿ. ಆ ಸಪ್ಪಳ ಬ್ಯಾಡ ನನಗ."

ನಕ್ಕ. "ನಮ್ಮ ಉರ್ದು ಮಾತಿನ್ಯಾಗ ಗೈರ್ ಅಂದ್ರ ಹೊರಗಿನಾವ. ಹೊರಗಿನಾವನ್ನ ತಗದ್ರ ಮನಿಯಾವ ಉಳದ, ಅಲ್ರೀ?"

"ಅದ ಆಗಬೇಕಾಗೇತಿ" ಅಂದೆ. ನನಗೂ ನಗು ಬಂತು.

ಗೇರಿನ ಗಾಲಿ ಬಿಚ್ಚಿ ಫಿಕ್ಸ್ ಗಾಲಿ ಹಾಕಿದ. ಹಲ್ಲಿನ ಚಕ್ರ ಗಾಲಿಗೇ ಬಿಗಿ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ಮಸ್ಕಿವರೆಗೂ ತುಳಿದೆ. ಸಪ್ಪಳವೇ ಇಲ್ಲ! ಗೆದ್ದೆ ಅನ್ನಿಸಿತು.

ದೈ ೨೦

ಮನೆ ಮುಂದೆ ಇಳಿದೆ. ಅವ್ವ ತಲೆ ಎತ್ತಲಿಲ್ಲ. ಕಿವಿ ರಸ್ತೆಯ ಕಡೆಗೇ. ಇರಲಿ, ರೂಢಿಯಾಗುತ್ತದೆ.

ಬಹಮನ್ ತಿಂಗಳು ೬

ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಪಕೀರಮ್ಮ ನನ್ನನ್ನೇ ಬೈದಳು. "ಏನಂದೀಲೇ ನಿಮ್ಮಣ್ಣಗ? ನೀ ಜಗಳಾ ತಗದಿ, ಅದಕ್ಕ ಅಂವ ಬರವಲ್ಲ ಅಂತಾಳ ನಿಮ್ಮವ್ವ."

ಅವನು ಬಂದಿದ್ದರಲ್ಲವೇ ಬರುವುದನ್ನು ಬಿಡುವುದಕ್ಕೆ!

ಬಹಮನ್ ೯

ಮತ್ತೆ ಲಿಂಗಸುಗೂರು. "ಗೈರ್ ವಾಪಸ್ ಹಾಕ್ರಿ" ಅಂದೆ. ಜಿಲಾನಿಸಾಬ್ ಗಡ್ಡ ಕೆರೆದುಕೊಂಡ. "ನೀವ ಬ್ಯಾಡ ಅಂದ್ರಿ... ಸಿಂಧನೂರಿನ ದಲಾಲರ ಸೈಕಲ್ಲಿಗೆ ಹಾಕಿಬಿಟ್ಟೀನ್ರಿ."

ಬಹಮನ್ ೧೧. ಸಿಂಧನೂರು

ದಲಾಲ ಕೊಡಲೊಲ್ಲ. ಅಂಗಳದಲ್ಲಿ ಅವನ ಮಗಳು ಪೆಡಲ್ ಹಿಂದಕ್ಕೆ ತಿರುಗಿಸಿ ಆಡುತ್ತಿದ್ದಳು. ಟಿಕ್ ಟಿಕ್. ಅಣ್ಣ ಈಗ ಅವರ ಮನೆಯಲ್ಲಿದ್ದಾನೆ.

ಬಹಮನ್ ೧೩, ಸಂಜೆ

ಕಟ್ಟೆ ಹತ್ತಿದೆ. ಹೆಜ್ಜೆ ಸಪ್ಪಳಕ್ಕೆ ಅವ್ವ ಸೆರಗು ಸರಿಮಾಡಿಕೊಂಡಳು. "ಯಾರ್ರೀ ಅವರು? ಗಂಡಸರು ಯಾರೂ ಇಲ್ರೀ ಮನ್ಯಾಗ."

'ರೀ' ಅಂದಳು. ಹೆತ್ತ ಮಗನಿಗೆ.

ಕೆಳಗಿಳಿದೆ. ಸೈಕಲ್ ಹಿಡಿದು ರಸ್ತೆಗೆ ಹೋಗಿ ತಿರುಗಿ ಬಂದೆ — ನಾಲಿಗೆಯಿಂದ ಟಿಕ್ ಟಿಕ್ ಅನ್ನುತ್ತ. ಮೂವತ್ತು ದಾಟಿದ ಮಾಸ್ತರ!

"ಅಂಬ್ಯಾ! ಬಂದ್ಯಾ ನನ್ನಪ್ಪಾ? ಸಣ್ಣಾವ ಏನಂದನೋ ನಿನಗ?"

"ಏನೂ ಅಂದಿಲ್ಲ ಬೇ ಯವ್ವಾ. ಬಂದೀನಿ. ನಾ, ಅಂಬಪ್ಪ."

ಎರಡು ರೊಟ್ಟಿ ಉಂಡಳು. ನಾನೇ ಮುರಿದು ತಿನ್ನಿಸಿದೆ. ತಲೆ ಸವರಿದಳು, ಅವನ ಹೆಸರು ಹಿಡಿದು.

ಇವತ್ತಿನ ಹಾಜರಿ. ಅಂಬಪ್ಪ — ಹಾಜರ್. ಬಸ್ಸಪ್ಪ —